ಚಿಪ್ ಮಾಡದೆ ಚಿಪ್ ಲೋಕದಲ್ಲಿ ಬೆಳೆದ ಕಂಪೆನಿ

(ಗಡಿನಾಡಿನ ಯುವಜನರ ಕೂಟವೊಂದರಲ್ಲಿ ಆಡಿದ ಮಾತಿನ ಬರಹರೂಪ)

ಅಡಿಕೆ ಸುಲಿದ ಮೇಲೆ ನಮ್ಮ ಮನೆಗಳಲ್ಲಿ ಎಂತ ಮಾಡ್ತಾರೆ ಅಂತ ನಿಮಗೆ ಗೊತ್ತುಂಟು. ಕೂತು ಹೆಕ್ಕಿ ಪಟೋರ, ಉಳ್ಳಿ, ಕರಿಗೋಟು ಅಂತ ಬೇರೆ ಬೇರೆ ಮಾಡ್ತಾರೆ. ಕೆಟ್ಟದ್ದು ಸೇರಿದರೆ ಇಡೀ ಚೀಲದ ರೇಟು ಇಳೀತದೆ. ಮೊಬೈಲಿನೊಳಗಿನ ಚಿಪ್ ತಯಾರಾಗುವಲ್ಲಿಯೂ ಹೀಗೆ ಹೆಕ್ಕಿ ನೋಡುವ ಕೆಲಸ ಉಂಟು. ಅದನ್ನೇ ನಂಬಿ ಬೆಳೆದ ಕಂಪೆನಿ ಕೆಎಲ್‌ಎ.

1975ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆನ್ ಲೆವಿ ಮತ್ತು ಬಾಬ್ ಆಂಡರ್ಸನ್ ಇದನ್ನು ಶುರು ಮಾಡಿದರು. ಸುತ್ತಮುತ್ತ ಚಿಪ್ ಮಾಡುವವರು ತುಂಬ ಮಂದಿ ಇದ್ದರು. ಇವರಿಬ್ಬರು ಆ ಗುಂಪಿಗೆ ಸೇರದೆ, ಮಾಡಿದ್ದು ಸರಿ ಉಂಟಾ ಅಂತ ನೋಡುವ ಯಂತ್ರ ಕಟ್ಟಲು ಹೊರಟರು.

ಚಿಪ್‌ನ ನಕ್ಷೆಯನ್ನು ಮೊದಲು ಗಾಜಿನ ಹಲಗೆಯ ಮೇಲೆ ಮೂಡಿಸ್ತಾರೆ. ಅದಕ್ಕೆ ಫೋಟೋಮಾಸ್ಕ್ ಅಂತ ಹೆಸರು. ಹಿಂದೆ ಸ್ಟುಡಿಯೋದಲ್ಲಿ ಕೊಡುತ್ತಿದ್ದ ನೆಗೆಟಿವ್ ಇದ್ದ ಹಾಗೆ. ಅದರಲ್ಲಿ ಗೀರು ಬಿದ್ದರೆ ಪ್ರತಿ ಫೋಟೋದಲ್ಲೂ ಗೀರು ಬರ್ತದೆ. ಆಗೆಲ್ಲ ಕೆಲಸಗಾರರು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಒಂದು ಮಾಸ್ಕ್ ಪರೀಕ್ಷಿಸಲು ಸುಮಾರು 8 ಗಂಟೆ ತೆಗೆದುಕೊಳ್ಳುತ್ತಿದ್ದರು. 1978ರಲ್ಲಿ ಬಂದ ಕೆಎಲ್‌ಎ ಯಂತ್ರ ಅದನ್ನು ಸುಮಾರು 15 ನಿಮಿಷಕ್ಕೆ ಇಳಿಸಿತು. ಉಪಾಯ ಸರಳ. ಮಾಸ್ಕ್ ಮೇಲೆ ಒಂದೇ ನಕ್ಷೆ ಸಾಲಾಗಿ ಇರ್ತದೆ. ಯಂತ್ರ ಎರಡು ನಕ್ಷೆಗಳನ್ನು ಹೋಲಿಸಿ ನೋಡ್ತದೆ. ಎಲ್ಲಿ ವ್ಯತ್ಯಾಸ ಕಂಡಿತೋ ಅಲ್ಲಿ ದೋಷ.

1976ರಲ್ಲಿ ಹುಟ್ಟಿದ ಟೆಂಕೋರ್ ಎಂಬ ಇನ್ನೊಂದು ಕಂಪೆನಿ ಚಿಪ್‌ನ ತೆಳು ಪದರಗಳ ದಪ್ಪ ಅಳೆಯುವ ಉಪಕರಣ ಮಾಡಿತು. 1997ರಲ್ಲಿ ಎರಡೂ ಒಂದಾದವು. ಇವತ್ತು ಈ ಕ್ಷೇತ್ರದಲ್ಲಿ ಜಗತ್ತಿನ ದೊಡ್ಡ ಹೆಸರು ಅದೇ. ಚೆನ್ನೈಯಲ್ಲೂ ಅದರ ಕೇಂದ್ರ ಉಂಟು.

ಅಳತೆಗೆ ಯಾಕೆ ಇಷ್ಟು ಬೆಲೆ? ಒಂದು ಲೆಕ್ಕ ಹಾಕಿ. ಕೆಲಸದಲ್ಲಿ 100 ಹಂತ, ಪ್ರತಿ ಹಂತದಲ್ಲಿ ನೂರಕ್ಕೆ ಒಂದು ಮಾತ್ರ ಹಾಳು ಅಂತ ಇಟ್ಟುಕೊಳ್ಳಿ. ಕೊನೆಗೆ ನೂರರಲ್ಲಿ ಸುಮಾರು 37 ಮಾತ್ರ ಉಳೀತದೆ. ನಿಜವಾದ ಚಿಪ್‌ಗೆ ನೂರಾರು ಹಂತ. ನಡುನಡುವೆ ಅಳೆದು ತಪ್ಪನ್ನು ಅಲ್ಲಲ್ಲೇ ಹಿಡಿಯದಿದ್ದರೆ ಕಾರ್ಖಾನೆಯೇ ಮುಚ್ಚಬೇಕು.

ಇದನ್ನು ಕಾಸರಗೋಡಿನಲ್ಲಿ ಹೇಳಲು ಕಾರಣ ಉಂಟು. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಕಲಿತ ನಮ್ಮ ಮಕ್ಕಳು ಪ್ಲಸ್ ಒನ್‌ಗೆ ಹೋದಾಗ ಒಮ್ಮೆಲೇ ಇಂಗ್ಲಿಷ್ ಪಾಠ. "ಸೈನ್ಸ್ ನಮಗಾಗುವುದಲ್ಲ" ಅಂತ ಅಲ್ಲೇ ಕೈಬಿಡುವವರಿದ್ದಾರೆ. ಅಳತೆಯ ತಪ್ಪು, ಬೆಳಕಿನ ಪ್ರತಿಫಲನ, ವಕ್ರೀಭವನ ಇವನ್ನೆಲ್ಲ ಅವರು ಕನ್ನಡದಲ್ಲಿ ಓದಿ ಅರ್ಥ ಮಾಡಿಕೊಂಡವರೇ. ಕೆಎಲ್‌ಎಯಂಥ ಕಂಪೆನಿಗಳ ಯಂತ್ರ ನಿಂತದ್ದು ಇದೇ ಪಾಠಗಳ ಮೇಲೆ. ಅವರಿಗೆ ಗೊತ್ತಿಲ್ಲದ್ದು ಇಂಗ್ಲಿಷ್ ಹೆಸರು ಮಾತ್ರ. ಹೆಸರು ಕಲಿಯಲು ಕೆಲವು ತಿಂಗಳು ಸಾಕು.

ಪೊವ್ವಲ್‌ನ ಎಂಜಿನಿಯರಿಂಗ್ ಕಾಲೇಜಿನಲ್ಲೋ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಇರುವವರು ಇನ್ನೊಂದು ಗಮನಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಐಐಟಿ ಬಾಂಬೆಯೂ 2008ರಲ್ಲಿ ಐಎನ್‌ಯುಪಿ ಎಂಬ ಕಾರ್ಯಕ್ರಮ ಶುರು ಮಾಡಿದವು. ಬೇರೆ ಕಾಲೇಜಿನವರಿಗೂ ತಮ್ಮ ನ್ಯಾನೋ ಪ್ರಯೋಗಾಲಯದಲ್ಲಿ ತರಬೇತಿ ಕೊಡುವುದು ಅದರ ಉದ್ದೇಶ. ಅಧ್ಯಾಪಕರನ್ನು ಕೇಳಿ, ಅರ್ಜಿ ಹಾಕಿ.

ಮತ್ತೆ ನಿಮ್ಮ ಊರಿನ ಪ್ಲಸ್ ಒನ್ ಮಕ್ಕಳನ್ನು ಭಾನುವಾರ ಒಂದು ಗಂಟೆ ಕೂರಿಸಿ. ಭೌತಶಾಸ್ತ್ರದ ಒಂದು ಪಾಠ ತೆಗೆದು, ಎಡಬದಿಯಲ್ಲಿ ಕನ್ನಡ ಪದ, ಬಲಬದಿಯಲ್ಲಿ ಇಂಗ್ಲಿಷ್ ಪದ ಬರೆಸಿ. ಈ ವಾರವೇ ಶುರು ಮಾಡಿ.