ಬಾಳಿಗೊಂದು ಸಂಕಲ್ಪಪತ್ರ



ಪೂಜೆಗೆ ಮುನ್ನ ದೇಶ, ಕಾಲ, ಉದ್ದೇಶಗಳನ್ನು ಉಚ್ಚರಿಸಿ ಸಂಕಲ್ಪ ಮಾಡುವ ನಾವು, ಬಾಳಿನ ದೊಡ್ಡ ನಿರ್ಧಾರಗಳನ್ನು ಮಾತ್ರ ಸಂಕಲ್ಪವಿಲ್ಲದೆಯೇ ಕೈಗೊಳ್ಳುತ್ತೇವೆ. ನಾವು ನೆಲೆಸಿರುವ ಈ ಅಮೆರಿಕೆಯಲ್ಲಿಯೇ, 18ನೇ ಶತಮಾನದಲ್ಲಿ, ಬೆಂಜಮಿನ್ ಫ್ರಾಂಕ್ಲಿನ್ನರು 13 ಸದ್ಗುಣಗಳನ್ನು ಕಿರುಹೊತ್ತಗೆಯಲ್ಲಿ ಬರೆದುಕೊಂಡು, ವಾರಕ್ಕೊಂದರಂತೆ ಸಾಧಿಸಲೆಳಸಿದರು. ತಪ್ಪಿದಾಗ ಕಪ್ಪು ಚುಕ್ಕೆಯಿಟ್ಟರು. ಪರಿಪೂರ್ಣತೆ ದೊರೆಯದಿದ್ದರೂ, ಆ ಯತ್ನದಿಂದಲೇ ತಾವು ಉತ್ತಮರೂ ಸುಖಿಗಳೂ ಆದುದಾಗಿ ಆತ್ಮಕಥೆಯಲ್ಲಿ ಹೇಳಿಕೊಂಡರು.

ನಮಗೆ ನಾಲ್ಕೇ ಸಾಲು ಸಾಕು: ಯಾರಿಗೆ ಋಣಿಗಳು, ಯಾವುದನ್ನು ಬಿಡಲಾರೆವು, ಯಾವುದನ್ನು ಬಿಡಬಲ್ಲೆವು, ಎಷ್ಟು ಸಂಪಾದನೆ ಸಾಕು? ಊರಿನಲ್ಲಿ ತಾಯಿ ಹಾಸಿಗೆ ಹಿಡಿದ ವಾರವೇ ಇಲ್ಲಿ ಬಡ್ತಿಯ ಕರೆ ಬಂದಾಗ, ಕಳವಳಗೊಂಡ ಮನಸ್ಸು ನೆಪಗಳನ್ನಷ್ಟೇ ಹೆಣೆಯುತ್ತದೆ. ನೆಮ್ಮದಿಯ ದಿನ ನಾವೇ ಬರೆದಿಟ್ಟ ಸಾಲು ಆಗ ನಮ್ಮನ್ನು ಪ್ರಶ್ನಿಸುತ್ತದೆ. ಪ್ರತಿ ಯುಗಾದಿಗೆ ಅದನ್ನು ತಿದ್ದೋಣ. ಸಂಕಟದ ನಡುವೆ ಮಾತ್ರ ತಿದ್ದದಿರೋಣ.