ವಿದ್ಯೆಯ ದಲಾಲಿ

(ಚೆಂಬೂರಿನಲ್ಲಿ ಸಂಘದ ಸದಸ್ಯ ಕುಟುಂಬಗಳ ಮುಂದೆ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ನಾಡುನುಡಿಗಳ ಹಿರಿಮೆಯನ್ನು ಹೇಳಬಲ್ಲ ವಿದ್ವಾಂಸರು ನಮ್ಮಲ್ಲಿ ಅನೇಕರಿದ್ದಾರೆ. ನಾನು ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನು. ನನಗೆ ತಿಳಿದಿರುವುದು ಜಮೆ ಮತ್ತು ಖರ್ಚು, ಇಷ್ಟೆ. ಆದ್ದರಿಂದ ನಮ್ಮ ಮನೆಗಳಿಂದ ಈಚೆಗೆ ಸದ್ದಿಲ್ಲದೆ ಹೊರಗೆ ಹೋಗುತ್ತಿರುವ ಒಂದು ಖರ್ಚಿನ ವಿಷಯವನ್ನೇ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಅದು ಮೊಬೈಲಿನಲ್ಲಿ ಮಾರಾಟವಾಗುವ ಪಾಠಗಳ ಖರ್ಚು. ತಿಂಗಳ ಮೊದಲ ವಾರದಲ್ಲಿ ಕೌಂಟರಿಗೆ ಬರುವ ತಂದೆತಾಯಿಗಳಲ್ಲಿ ಕೆಲವರು ಪಾಸ್‌ಬುಕ್ಕನ್ನು ಮುಂದಿಟ್ಟು, “ಈ ಎರಡು ಸಾವಿರ ಯಾರು ತೆಗೆದುಕೊಂಡದ್ದು ಮಾರಾಯ್ರೆ?” ಎಂದು ಕೇಳುತ್ತಾರೆ. ವಿಚಾರಿಸಿದರೆ ಮಗನ ಕೋರ್ಸಿನ ಕಂತು. ಮಗ ಎರಡನೆಯ ಪಾಠಕ್ಕೇ ಬಿಟ್ಟಿದ್ದಾನೆ. ಕಂತು ಮಾತ್ರ ಬಿಟ್ಟಿಲ್ಲ. ಏಕೆಂದರೆ ಪಾಠ ಮಾರಿದವನಿಗೆ ಸಾಲ ಕೊಡುವ ಕಂಪನಿಯೊಂದು ಪೂರ್ತಿ ಹಣವನ್ನು ಮೊದಲೇ ಸಲ್ಲಿಸಿಬಿಟ್ಟಿರುತ್ತದೆ. ಹುಡುಗನ ಋಣ ಗುರುವಿಗಲ್ಲ, ಆ ಕಂಪನಿಗೆ. ಪಾಠ ಚೆನ್ನಾಗಿಲ್ಲವೆಂದು ಸಾಲದ ಕಂಪನಿಯೊಡನೆ ವಾದಿಸಿ ಫಲವಿಲ್ಲ. ಕಂತು ತಪ್ಪಿಸಿದರೆ ಹುಡುಗನ ಸಾಲದ ಚರಿತ್ರೆಗೆ ಮಸಿ ಬಳಿದಂತಾಗಿ ನಾಳೆ ಮನೆಸಾಲಕ್ಕೆ ಬಂದಾಗ ಅದೇ ಅಡ್ಡ ಬರುತ್ತದೆ. 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಮೊಬೈಲ್ ಸಾಲಗಳಿಗೆ ನಿಯಮ ಮಾಡಿ, ಸಾಲ ಪಡೆದವನು ಮೊದಲ ಕೆಲವು ದಿನಗಳೊಳಗೆ ಅಸಲನ್ನೂ ಆ ದಿನಗಳ ಬಡ್ಡಿಯನ್ನೂ ಕಟ್ಟಿ, ದಂಡವಿಲ್ಲದೆ ಹೊರಬರಬಹುದೆಂದು ಹೇಳಿದೆ. ಎಷ್ಟು ದಿನವೆಂಬುದು ಸಾಲದ ಕಾಗದದಲ್ಲೇ ಇರುತ್ತದೆ. ಅದನ್ನು ಓದುವವರು ನೂರಕ್ಕೆ ಒಬ್ಬರೋ ಇಬ್ಬರೋ.

ಈ ಕೋರ್ಸಿನ ಸುದ್ದಿ ನಿನಗೆ ಯಾರು ತಂದರೆಂದು ನಾನು ಹುಡುಗರನ್ನು ಕೇಳುವುದುಂಟು. “ದೋಸ್ತ್ ಲಿಂಕ್ ಕಳುಹಿಸಿದ” ಎಂಬುದೇ ಹೆಚ್ಚಾಗಿ ಬರುವ ಉತ್ತರ. ಈ ಲಿಂಕಿನ ಮರ್ಮವನ್ನು ಹಿರಿಯರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಇದಕ್ಕೆ ಅಫಿಲಿಯೇಟ್ ಮಾರ್ಕೆಟಿಂಗ್ ಎನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ದಲಾಲಿ. ಲಿಂಕಿನೊಳಗೆ ಕಳುಹಿಸಿದವನ ಗುರುತಿನ ಸಂಖ್ಯೆ ಅಡಗಿರುತ್ತದೆ. ಅದನ್ನು ಒತ್ತಿ ನೀವು ಕೊಂಡರೆ ಅವನ ಖಾತೆಗೆ ಕಮಿಷನ್ ಸೇರುತ್ತದೆ. ಅಮೆಜಾನ್ ಕಂಪನಿಯು 1996ರಲ್ಲಿಯೇ ಪುಸ್ತಕ ಮಾರಲು ಈ ಪದ್ಧತಿಯನ್ನು ಹಿಡಿಯಿತು. ಇದರಲ್ಲಿ ಅನ್ಯಾಯವೇನೂ ಇಲ್ಲ. ತರಕಾರಿ ಮಂಡಿಯಿಂದ ವಿಮೆಯವರೆಗೆ ದಲಾಲಿಯಿಲ್ಲದ ವ್ಯಾಪಾರ ಮುಂಬಯಿಯಲ್ಲಿ ಎಲ್ಲಿದೆ?

ಇಪ್ಪತ್ತೈದು ಸಾವಿರದ ಕೋರ್ಸಿಗೆ ಬದಲಾಗಿ ಐನೂರು ರೂಪಾಯಿಯ ಕೋರ್ಸನ್ನು ಹುಡುಕಿ ತೋರಿಸಿ, ಅದರಿಂದಲೇ ಸಂಪಾದಿಸುತ್ತೇವೆನ್ನುವ ತರುಣರೂ ಈಚೆಗೆ ಹುಟ್ಟಿಕೊಂಡಿದ್ದಾರೆ. ಕೇಳುವುದಕ್ಕೆ ಪರೋಪಕಾರವೂ ಹೌದು, ಸಂಪಾದನೆಯೂ ಹೌದು. ಹತ್ತು ಪಾಠಗಳನ್ನು ತಾನೇ ನೋಡಿ, ಒಳ್ಳೆಯದೊಂದನ್ನು ಆರಿಸಿ ಹೇಳಿದವನಿಗೆ ಐವತ್ತು ರೂಪಾಯಿ ಸಿಕ್ಕರೆ ಅದು ದುಡಿದ ಹಣವೇ ಎಂದು ನನ್ನ ಮತ. ಮನೆಯಲ್ಲಿರುವ ನಮ್ಮ ಅಕ್ಕತಂಗಿಯರಲ್ಲಿ ಯಾರಾದರೂ ಇದನ್ನು ಮಾಡಿದರೆ ನಾನು ಬೇಡವೆನ್ನಲಾರೆ.

ಆದರೆ ಲೆಕ್ಕ ನೋಡಿ. ಐನೂರರ ಕೋರ್ಸಿಗೆ ನೂರಕ್ಕೆ ಹತ್ತರಂತೆ ಕಮಿಷನ್ ಎಂದಿಟ್ಟುಕೊಳ್ಳೋಣ. 50 ರೂಪಾಯಿ ಬಂತು. ಇಪ್ಪತ್ತೈದು ಸಾವಿರದ ಕೋರ್ಸಿಗೆ ಅರ್ಧದಷ್ಟು ಕಮಿಷನ್ ಎಂದಿಟ್ಟುಕೊಂಡರೆ 12,500 ರೂಪಾಯಿ. ಅರ್ಧ ಕೊಟ್ಟರೂ ಮಾರುವವನಿಗೆ ನಷ್ಟವಿಲ್ಲ. ಒಮ್ಮೆ ಚಿತ್ರಿಸಿದ ಪಾಠದ ಎರಡನೆಯ ಪ್ರತಿಗೆ ಖರ್ಚೇ ಇಲ್ಲವಷ್ಟೆ! ಹೀಗಿರುವಾಗ ದುಬಾರಿ ಕೋರ್ಸನ್ನು ಒಬ್ಬನಿಗೆ ಮಾರಿ ಬರುವ ಹಣ ಅಗ್ಗದ ಕೋರ್ಸಿನಿಂದ ಬರಬೇಕಾದರೆ 250 ಮಂದಿ ಕೊಳ್ಳಬೇಕು. ಯಾರೇ ಆಗಲಿ, ಆರು ತಿಂಗಳೊಳಗೆ ಅವರ ನಾಲಗೆ ಯಾವ ಕಡೆಗೆ ಹೊರಳೀತು? ಮನುಷ್ಯ ಕೆಟ್ಟವನೆಂದಲ್ಲ, ತಕ್ಕಡಿಯೇ ಹಾಗಿದೆ. ಇನ್ನು ಪೂರ್ತಿ ಉಚಿತವಾಗಿರುವ ಪಾಠದ ಗತಿಯೇನು? ಸೊನ್ನೆಗೆ ನೂರಕ್ಕೆ ಎಷ್ಟು ಲೆಕ್ಕ ಹಾಕಿದರೂ ಸೊನ್ನೆಯೇ. ಅದರ ಸುದ್ದಿಯನ್ನು ತರಲು ದಲಾಲಿಯೇ ಇಲ್ಲ. ನಮ್ಮ ಕಿವಿಗೆ ಬೀಳುವುದು ಒಳ್ಳೆಯ ವಿದ್ಯೆಯ ಸುದ್ದಿಯಲ್ಲ, ಕಮಿಷನ್ ಇರುವ ವಿದ್ಯೆಯ ಸುದ್ದಿ.

ಮುಂಬಯಿ ಕನ್ನಡಿಗರಿಗೆ ಈ ಮಾತು ಬೇಗ ತಿಳಿಯಬೇಕು. ನಮ್ಮ ಹಿರಿಯರು ಹಗಲು ಹೋಟೆಲಿನಲ್ಲಿ ಕಪ್ಪುಬಶಿ ತೊಳೆದು, ಸಂಜೆ ರಾತ್ರಿ ಶಾಲೆಗೆ ಹೋಗಿ ಮೆಟ್ರಿಕ್ ಮಾಡಿದವರು. ಮೊಗವೀರರ ಉಚಿತ ರಾತ್ರಿ ಪ್ರೌಢಶಾಲೆ, ಬಿಲ್ಲವರ ಗುರುನಾರಾಯಣ ರಾತ್ರಿ ಪ್ರೌಢಶಾಲೆ ಮೊದಲಾದ ಸಂಸ್ಥೆಗಳ ಬೆಂಚಿನ ಮೇಲಿಂದಲೇ ಎಷ್ಟೋ ಮಂದಿ ಆಫೀಸುಗಳಿಗೂ ಬ್ಯಾಂಕುಗಳಿಗೂ ನ್ಯಾಯಾಲಯಗಳಿಗೂ ಹೋದರು. ಆ ಶಾಲೆಯ ಸುದ್ದಿ ಊರಿಂದ ಬಂದ ಹುಡುಗನಿಗೆ ಹೇಗೆ ಮುಟ್ಟಿತು? ಅಡುಗೆಭಟ್ಟರೋ ಗಲ್ಲೆಯ ಮೇಲೆ ಕುಳಿತ ಧಣಿಯೋ ಹೇಳಿದರು. ಹೇಳಿದ್ದಕ್ಕೆ ಅವರಿಗೆ ದಮ್ಮಡಿ ಸಿಗಲಿಲ್ಲ. ಧಣಿಗೆ ಸಂಜೆಯ ಹೊತ್ತಿನಲ್ಲಿ ಒಬ್ಬ ಕೆಲಸದ ಹುಡುಗ ಕಡಿಮೆಯಾದ, ಅಷ್ಟೆ.

ಇಂದು ಅಂಥ ವಿದ್ಯೆ ಇಲ್ಲವೆಂದು ಯಾರೂ ತಿಳಿಯಬಾರದು. ಚೆಂಬೂರಿಗೆ ಕೂಗಳತೆಯಲ್ಲಿ ಪವಾಯಿಯ ಐಐಟಿ ಇದೆ. ಅಲ್ಲಿ ಪ್ರೊಫೆಸರ್ ಕಣ್ಣನ್ ಮೌದ್ಗಲ್ಯ ಅವರು ಆರಂಭಿಸಿದ ‘ಸ್ಪೋಕನ್ ಟ್ಯುಟೋರಿಯಲ್’ ಎಂಬ ಯೋಜನೆಯಲ್ಲಿ ಪತ್ರ ಬರೆಯುವ, ಲೆಕ್ಕಪಟ್ಟಿ ಮಾಡುವ, ಪ್ರೋಗ್ರಾಮ್ ಬರೆಯುವ ತಂತ್ರಾಂಶಗಳ ಪಾಠಗಳಿವೆ. ಒಂದೊಂದೂ ಸುಮಾರು ಹತ್ತು ನಿಮಿಷ. ಕಂಪ್ಯೂಟರಿನ ಪರದೆಯನ್ನು ತೋರಿಸುತ್ತ ಹೇಳಿಕೊಡುತ್ತಾರೆ. ಕೇಳುವವನು ಪಕ್ಕದಲ್ಲಿ ತಾನೂ ಮಾಡುತ್ತ ಹೋಗಬೇಕು. ಅವುಗಳಲ್ಲಿ ಬಹಳಷ್ಟು ಕನ್ನಡದ ಧ್ವನಿಯಲ್ಲಿಯೂ ದೊರೆಯುತ್ತವೆ. ನಮ್ಮ ಬಸ್ಸಿನ ಹಾದಿಯಲ್ಲಿರುವ ಸಂಸ್ಥೆ ನಮ್ಮ ಭಾಷೆಯಲ್ಲಿ ಬಿಟ್ಟಿಯಾಗಿ ಕಲಿಸುತ್ತಿರುವಾಗ, ನಮ್ಮ ಹುಡುಗರು ಅದೇ ಲೆಕ್ಕಪಟ್ಟಿಯ ವಿದ್ಯೆಗೆ ಹದಿನೆಂಟು ತಿಂಗಳ ಕಂತು ಕಟ್ಟುತ್ತಿದ್ದಾರೆ! ಇದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ.

ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಇದೆ. ಕೇಂದ್ರ ಸರ್ಕಾರ 2017ರಲ್ಲಿ ತೆರೆದ ‘ಸ್ವಯಂ’ ಇದೆ. ಪಾಠ ಉಚಿತ. ಪ್ರಮಾಣಪತ್ರ ಬೇಕಾದವನು ಮಾತ್ರ ಪರೀಕ್ಷೆಯ ಶುಲ್ಕ ಕಟ್ಟಬೇಕು. ಎನ್‌ಪಿಟಿಇಎಲ್‌ನಲ್ಲಿ ಅದು ಈಚಿನ ವರ್ಷಗಳಲ್ಲಿ ಒಂದು ವಿಷಯಕ್ಕೆ 1,000 ರೂಪಾಯಿ. ಪರೀಕ್ಷೆ ಕೇಂದ್ರಕ್ಕೆ ಹೋಗಿ ಬರೆಯುವಂಥದು. ಮನೆಯಲ್ಲಿ ಕುಳಿತು ಪಡೆದ ಬಣ್ಣದ ಪ್ರಮಾಣಪತ್ರಕ್ಕಿಂತ ಇದಕ್ಕೆ ಹೆಚ್ಚು ಬೆಲೆ ಬರುವುದು ಸಹಜ. ಷೇರುಪೇಟೆಯ ವ್ಯಾಮೋಹವಿರುವವರಿಗೂ ಒಂದು ಮಾತು. ಸೆಬಿಯ ಹೂಡಿಕೆದಾರರ ಪರೀಕ್ಷೆಗೆ ಶುಲ್ಕವಿಲ್ಲ. ಸಾವಿರಾರು ರೂಪಾಯಿಯ ‘ಗುರುಮಂತ್ರ’ ಕೊಳ್ಳುವ ಮೊದಲು ಅದರಲ್ಲಿ ಉತ್ತೀರ್ಣರಾಗಿ ನೋಡಿ.

ಉಚಿತ ಪಾಠದಲ್ಲಿ ಕೊರತೆಯಿಲ್ಲವೆಂದು ನಾನು ಹೇಳುವುದಿಲ್ಲ. ಸಂದೇಹ ಕೇಳಲು ಎದುರಿಗೆ ಗುರುವಿಲ್ಲ; ಅರ್ಧಕ್ಕೆ ಬಿಡುವವರೇ ಹೆಚ್ಚು. ಹಣ ಕೊಟ್ಟವನು ಓದುತ್ತಾನೆ ಎಂಬ ವಾದವೂ ಉಂಟು. ಆದರೆ ಕೌಂಟರಿನಲ್ಲಿ ನಾನು ಕಂಡ ಮಟ್ಟಿಗೆ, ಹಣ ಕೊಟ್ಟವನೂ ಬಿಡುತ್ತಾನೆ.

ಎರಡು ಕಡೆ ಮಾತ್ರ ಕಾಲಿಡಬೇಡಿ. ಮೊದಲನೆಯದು, ದುಬಾರಿ ಕೋರ್ಸಿನ ಕದ್ದ ಪ್ರತಿಯನ್ನು ಟೆಲಿಗ್ರಾಮಿನಲ್ಲಿ ತೊಂಬತ್ತೊಂಬತ್ತು ರೂಪಾಯಿಗೆ ಮಾರುವುದು. ಅದು ಅಗ್ಗದ ವಿದ್ಯೆಯಲ್ಲ, ಕಳ್ಳಮಾಲು. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಇದಕ್ಕೆ ಮೂರು ವರ್ಷಗಳವರೆಗೆ ಸೆರೆವಾಸವುಂಟು. ಎರಡನೆಯದು ಇನ್ನೂ ಸೂಕ್ಷ್ಮ. ಕೋರ್ಸನ್ನು ಕೊಂಡವನು ಅದೇ ಕೋರ್ಸನ್ನು ಮೂವರಿಗೆ ಮಾರಬೇಕು, ಆ ಮೂವರು ತಲಾ ಮೂವರಿಗೆ. ಒಳಗೆ ಕಲಿಸುವುದೇನೆಂದರೆ ಮಾರುವ ವಿದ್ಯೆಯನ್ನೇ! ಮೂರನ್ನು ಮೂರರಿಂದ ಗುಣಿಸುತ್ತ ಹೋದರೆ ಹತ್ತನೆಯ ಮೆಟ್ಟಿಲಿಗೆ 59,049 ಜನ, ಹದಿಮೂರನೆಯದಕ್ಕೆ 15,94,323. ಅಷ್ಟು ಹೊಸಬರನ್ನು ಕೊನೆಯ ಮೆಟ್ಟಿಲಿನವನು ಎಲ್ಲಿಂದ ತಂದಾನು? ಇಂಥ ಸರಪಳಿ ಯೋಜನೆಗಳನ್ನು 2021ರ ನೇರ ಮಾರಾಟದ ನಿಯಮಗಳು ನಿಷೇಧಿಸಿವೆ. ನಮ್ಮ ಹುಡುಗರು ಮೊದಲು ಹಿಡಿಯುವುದು ಊರಿನವರನ್ನು, ಬಂಧುಗಳನ್ನು. ಹಣ ಹೋದದ್ದು ಒಂದಾದರೆ, ಮದುವೆಮನೆಯಲ್ಲಿ ಮುಖ ನೋಡದಂತಾಗುವುದು ಇನ್ನೊಂದು.

ನ್ಯಾಯವಾಗಿ ಈ ಕೆಲಸ ಮಾಡುವವರು ಲಿಂಕಿನ ಜೊತೆಗೆ “ಇದರಲ್ಲಿ ನನಗೆ ಕಮಿಷನ್ ಇದೆ” ಎಂದು ಕನ್ನಡದಲ್ಲಿ ಒಂದು ಸಾಲು ಬರೆಯಲಿ. ಜಾಹೀರಾತು ಮಾಡುವವರು ತಮಗಿರುವ ಲಾಭವನ್ನು ಮುಚ್ಚಿಡಬಾರದೆಂದು ಕೇಂದ್ರ ಗ್ರಾಹಕ ಇಲಾಖೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಸುಳ್ಳು ಜಾಹೀರಾತಿಗೆ ದಂಡ ಹತ್ತು ಲಕ್ಷದವರೆಗೂ ಹೋಗಬಹುದು. ಕಮಿಷನ್ ಕೂಡ ಆದಾಯವೆಂಬುದನ್ನು ಮರೆತು ತೆರಿಗೆಯ ನೋಟೀಸು ಹಿಡಿದುಕೊಂಡು ನನ್ನ ಬಳಿ ಬರಬೇಡಿ.

ನನ್ನ ಪಾಲಿನ ಲಾಭವನ್ನೂ ಹೇಳಿಬಿಡುತ್ತೇನೆ. ಬ್ಯಾಂಕಿನ ನೌಕರನು ಅನುಮತಿಯಿಲ್ಲದೆ ಬೇರೆ ವ್ಯಾಪಾರ ಮಾಡುವಂತಿಲ್ಲ. ಆದ್ದರಿಂದ ಮೇಲೆ ಹೇಳಿದ ಯಾವುದರಲ್ಲಿಯೂ ನನಗೆ ದಲಾಲಿ ಇಲ್ಲ. ಬರುವ ನಾಲ್ಕು ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಾನು ಸಂಘದ ವಾಚನಾಲಯದಲ್ಲಿ ಕುಳಿತಿರುತ್ತೇನೆ. ಕೋರ್ಸು ಕೊಳ್ಳಬೇಕೆಂದಿರುವ ಮಕ್ಕಳನ್ನು, ಹಣ ಕಟ್ಟುವ ಮೊದಲು, ಕರೆದುಕೊಂಡು ಬನ್ನಿ. ಹಣ ಕಟ್ಟಿಯಾಗಿದ್ದರೆ ಸಾಲದ ಕಾಗದವನ್ನೂ ತನ್ನಿ. ಹೊರಬರುವ ದಿನಗಳು ಉಳಿದಿವೆಯೇ ಎಂದು ಮೊದಲು ಅದನ್ನೇ ನೋಡೋಣ. ಹೆಸರು ನೋಂದಾಯಿಸಲು ಒಂದು ಇ-ಮೇಲ್ ವಿಳಾಸ ಸಾಕು. ಒಂದು ನೋಟ್‌ಬುಕ್ ಇರಲಿ.