ಮೇಲ್ಮಣ್ಣು ಹೊಲಕ್ಕೆ, ಒಳಮಣ್ಣು ಗೋಡೆಗೆ
(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರದ ಮೇಷ್ಟ್ರು ಮನೆ ಕಟ್ಟುವ ವಿಚಾರ ಏಕೆ ಎತ್ತಿದರು ಎಂದು ತಮಗೆ ಅನ್ನಿಸಬಹುದು. ಕಾರಣವಿದೆ. ಕೆಲವು ವರ್ಷಗಳ ಹಿಂದೆ ರೈತರೊಬ್ಬರು ರಾಗಿ ಏಳುತ್ತಿಲ್ಲವೆಂದು ನನ್ನನ್ನು ಹೊಲಕ್ಕೆ ಕರೆದೊಯ್ದರು. ಬೀಜ, ಗೊಬ್ಬರ, ಮಳೆ ಯಾವುದರಲ್ಲೂ ಕೊರತೆ ಇರಲಿಲ್ಲ. ಆದರೆ ಹೊಲ ಪಕ್ಕದ ಬದುವಿಗಿಂತ ಒಂದು ಅಡಿ ತಗ್ಗಿತ್ತು. ಮಗಳ ಮದುವೆಯ ಖರ್ಚಿಗೆಂದು ಮೇಲ್ಮಣ್ಣನ್ನು ಇಟ್ಟಿಗೆ ಗೂಡಿನವರಿಗೆ ಮಾರಿದ್ದರು.

ಲೆಕ್ಕ ನೋಡೋಣ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣಿನ ತೂಕ ಸುಮಾರು 9 ಲಕ್ಷ ಕಿಲೋ. ಇಟ್ಟಿಗೆಗೆ 3 ಕಿಲೋದಂತೆ ಹಿಡಿದರೂ ಹೆಚ್ಚೆಂದರೆ 3 ಲಕ್ಷ ಇಟ್ಟಿಗೆ. ಆ ಮಣ್ಣಿನಲ್ಲಿ ಶೇಕಡ ಅರ್ಧದಷ್ಟು ಸಾವಯವ ಇಂಗಾಲವಿದ್ದರೆ 4,500 ಕಿಲೋ ಇಂಗಾಲ ಗೂಡಿನಲ್ಲಿ ಸುಟ್ಟುಹೋಯಿತು. ಅದನ್ನು ಮತ್ತೆ ತುಂಬಲು ಎಷ್ಟು ವರ್ಷ ಕೊಟ್ಟಿಗೆ ಗೊಬ್ಬರ ಹೊಡೆಯಬೇಕು, ತಾವೇ ಯೋಚಿಸಿ.

ಹಾಗಾದರೆ ಮನೆ ಕಟ್ಟುವುದು ಬೇಡವೇ? ಬೇಕು. ಸುಡದೆ ಇಟ್ಟಿಗೆ ಮಾಡುವ ವಿಧಾನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ ಬ್ಲಾಕು ತಯಾರಿಸುವುದನ್ನು ರೂಢಿಗೆ ತಂದರು. ಅಚ್ಚು ಒಂದೇ, ಅಳತೆ ಒಂದೇ, ಮಿಶ್ರಣ ಒಂದೇ. ಕಾರ್ಖಾನೆಯ ಶಿಸ್ತು ನಮ್ಮ ಕಣಕ್ಕೇ ಬಂದಂತೆ. ಆರೇಳು ಜನ ಸೇರಿದರೆ ದಿನಕ್ಕೆ ಸುಮಾರು 400ರಿಂದ 500 ಬ್ಲಾಕು ಒತ್ತಬಹುದು. ಸಣ್ಣ ಮನೆಯ ಗೋಡೆಗೆ ಐದಾರು ಸಾವಿರ ಸಾಕು; ಅಂದರೆ ಎರಡು ವಾರದ ಕೆಲಸ.

ಮಣ್ಣು ಎಲ್ಲಿಂದ? ಕೃಷಿ ಹೊಂಡ ತೋಡುವಾಗ ಮೊದಲು ಮೇಲಿನ ಒಂದು ಅಡಿ ಮಣ್ಣನ್ನು ಬೇರೆ ರಾಶಿ ಹಾಕಿ ಹೊಲಕ್ಕೆ ಹರಡಿ. ಅದರ ಕೆಳಗಿನ ಮಣ್ಣನ್ನು ಬ್ಲಾಕಿಗೆ ಬಳಸಿ. 100 ಘನ ಮೀಟರ್ ಒಳಮಣ್ಣಿನಿಂದ 15 ಸಾವಿರಕ್ಕೂ ಹೆಚ್ಚು ಬ್ಲಾಕು ಆಗುತ್ತದೆ. ಕೆರೆಗೋಡನ್ನು ಮಾತ್ರ ಗೋಡೆಗೆ ಹಾಕಬೇಡಿ. ಅದರ ಜಾಗ ಹೊಲ.

ಎಲ್ಲ ಮಣ್ಣೂ ಆಗುವುದಿಲ್ಲ. ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಹಾಕಿ ಕುಲುಕಿ ಒಂದು ದಿನ ಬಿಡಿ. ತಳದಲ್ಲಿ ಮರಳು, ಮೇಲೆ ಜೇಡಿ ಪದರ ಕಾಣುತ್ತದೆ. ಮೂರು ಪಾಲಿನಲ್ಲಿ ಎರಡು ಪಾಲು ಮರಳಿದ್ದರೆ ಒಳ್ಳೆಯದು. ಕಡಿಮೆ ಇದ್ದರೆ ಮರಳು ಅಥವಾ ಕ್ವಾರಿ ಪುಡಿ ಸೇರಿಸಿ. ನಮ್ಮ ಕೆಂಪು ಮಣ್ಣು ಇದಕ್ಕೆ ಹೊಂದುತ್ತದೆ. ಎರೆ ಮಣ್ಣು ನೆನೆದರೆ ಉಬ್ಬಿ, ಒಣಗಿದರೆ ಬಿರಿಯುವುದರಿಂದ ಹಾಗೆಯೇ ಬಳಸಬಾರದು. ಅದಕ್ಕೆ ಸುಣ್ಣ ಬೇಕು, ಪ್ರಯೋಗಾಲಯದ ಪರೀಕ್ಷೆಯೂ ಬೇಕು.

ಸಿಮೆಂಟು ತೂಕದಲ್ಲಿ ಶೇಕಡ 7ರಷ್ಟು ಇರಲಿ. ಒಂದು ಚೀಲಕ್ಕೆ ಸುಮಾರು 90 ಬ್ಲಾಕು ಬರುತ್ತದೆ. ಒಣಗಿರುವಾಗಲೇ ಚೆನ್ನಾಗಿ ಬೆರೆಸಿ, ನಂತರ ನೀರು ಚಿಮುಕಿಸಿ. ನೀರು ಹಾಕಿದ ಮಿಶ್ರಣವನ್ನು ಒಂದು ಗಂಟೆಯೊಳಗೆ ಒತ್ತಿ ಮುಗಿಸಬೇಕು. ಒತ್ತಿದ ಬ್ಲಾಕನ್ನು ನೆರಳಿನಲ್ಲಿ ಜೋಡಿಸಿ, ಹುಲ್ಲು ಹೊದಿಸಿ, ಮೂರು ವಾರ ನೀರು ಕೊಡಿ. ಬಹಳ ಮಂದಿ ಸೋಲುವುದು ಇಲ್ಲೇ. ನಾಟಿ ಮಾಡಿದ ಪೈರಿನಂತೆ ನೋಡಿಕೊಳ್ಳಿ. ಕಟ್ಟುವ ಮೊದಲು ನಾಲ್ಕಾರು ಬ್ಲಾಕುಗಳನ್ನು ರಾತ್ರಿಯೆಲ್ಲ ನೀರಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಅಂಚು ಉದುರಿದರೆ ಆ ಮಿಶ್ರಣ ತಿದ್ದಬೇಕು. ತಳಪಾಯ ಕಲ್ಲಿನದಾಗಿರಲಿ, ಸೂರು ಗೋಡೆಯಿಂದ ಹೊರಚಾಚಿರಲಿ.

ಯಂತ್ರವನ್ನು ಒಬ್ಬರೇ ಕೊಳ್ಳಬೇಕಾಗಿಲ್ಲ. ಸಹಕಾರ ಸಂಘವೋ ಸ್ವಸಹಾಯ ಗುಂಪೋ ಕೊಂಡು ಬಾಡಿಗೆಗೆ ಕೊಡಬಹುದು. ಸುಗ್ಗಿ ಮುಗಿದ ಮೇಲೆ, ಮಳೆಗೆ ಮುಂಚೆ ಕೆಲಸ ಹಿಡಿದರೆ ಕೂಲಿಯೂ ಊರಿನಲ್ಲೇ ಉಳಿಯುತ್ತದೆ.

ಮನೆಯನ್ನು ಇನ್ನೊಮ್ಮೆ ಕಟ್ಟಬಹುದು. ಒಂದು ಅಂಗುಲ ಮೇಲ್ಮಣ್ಣು ಕಟ್ಟಲು ಪ್ರಕೃತಿಗೆ ನೂರಾರು ವರ್ಷ ಬೇಕು. ಗೂಡಿನವರು ಬೆಲೆ ಹೇಳಿದ ದಿನ ಈ ಲೆಕ್ಕ ತಮ್ಮ ನೆನಪಿಗೆ ಬರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.